206 ಎಲ್ಲಿ ಹೋಯಿತು? ಹಳೇ ಹೆದ್ದಾರಿ ನಂಬರಿಗೆ ಹೊಸ ನಂಬರ್ ಹುಡುಕುವ ದಾರಿ

ಅಪ್ಪ 2003ರಲ್ಲಿ ಭದ್ರಾವತಿ ಹತ್ತಿರ ರಸ್ತೆ ಪಕ್ಕದಲ್ಲಿ ಎರಡು ಎಕರೆ ತೋಟ ತೆಗೆದುಕೊಂಡಿದ್ದರು. ಕ್ರಯಪತ್ರದ ಚಕ್ಕುಬಂದಿಯಲ್ಲಿ ಪಶ್ಚಿಮಕ್ಕೆ 'ರಾ.ಹೆ. 206' ಅಂತ ಬರೆದಿದೆ. ಹೋದ ವರ್ಷ ಅದೇ ಕಾಗದ ಹಿಡಿದುಕೊಂಡು ಸಾಲಕ್ಕೆ ಅಂತ ಒಂದು ಬ್ಯಾಂಕಿಗೆ ಹೋದೆ. ಕಾಗದ ನೋಡಲು ಕೂತಿದ್ದ ವಕೀಲರು ಹೊರಗಿನವರು, ಚಿಕ್ಕ ವಯಸ್ಸು. ಫೋನಿನಲ್ಲಿ ಏನೋ ಒತ್ತಿ ನೋಡಿ, "ಸಾರ್, 206 ಮೇಘಾಲಯದಲ್ಲಿದೆಯಲ್ಲ?" ಅಂದರು.

ಮೇಘಾಲಯದಲ್ಲೂ ಅಡಿಕೆ ಬೆಳೆಯುತ್ತಾರೆ, ಅದು ಬೇರೆ ಮಾತು. ಆದರೆ ನಮ್ಮ ತೋಟ ಅಲ್ಲಿಲ್ಲ ಅಂತ ಒಪ್ಪಿಸುವುದಕ್ಕೆ ನನಗೆ ಮೂರು ವಾರ ಹಿಡಿಯಿತು. ಆ ಮೂರು ವಾರದಲ್ಲಿ ಕಲಿತದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಹಳೇ ಕಾಗದ, ಹಳೇ ನಕ್ಷೆ, ಹಳೇ ಲಗ್ನಪತ್ರಿಕೆ, ಪೇಪರಿನಲ್ಲಿ ಬಂದ ಭೂಸ್ವಾಧೀನದ ನೋಟಿಸು, ಯಾವುದೇ ಇರಲಿ, ಅದರಲ್ಲಿರುವ ಹೆದ್ದಾರಿ ನಂಬರ್ ನಿಮಗೆ ಅರ್ಥವಾಗದೆ ಇದ್ದರೆ ಇದು ಉಪಯೋಗಕ್ಕೆ ಬರುತ್ತದೆ.

ಮೊದಲು ಇಸವಿ ನೋಡಿ

ನಂಬರನ್ನು ನೋಡುವ ಮೊದಲು ಕಾಗದದ ತಾರೀಖು ನೋಡಿ. 2010ರಲ್ಲಿ ಕೇಂದ್ರ ಸರ್ಕಾರ ದೇಶದ ರಾಷ್ಟ್ರೀಯ ಹೆದ್ದಾರಿಗಳ ನಂಬರುಗಳನ್ನೆಲ್ಲ ಕಿತ್ತು ಹೊಸದಾಗಿ ಜೋಡಿಸಿತು. ಅದಕ್ಕೂ ಹಿಂದಿನ ಕಾಗದದಲ್ಲಿರುವ ನಂಬರ್ ಖಂಡಿತ ಹಳೆಯದು. ಅಷ್ಟು ಸುಲಭ.

ಕಷ್ಟ ಇರುವುದು ಆಮೇಲಿನ ಕಾಗದಗಳಲ್ಲಿ. 2010 ಆದ ಕೂಡಲೇ ಎಲ್ಲರೂ ಹೊಸ ನಂಬರ್ ಬರೆಯಲು ಶುರು ಮಾಡಿದರು ಅಂದುಕೊಂಡರೆ ಕೆಟ್ಟಿರಿ. ತುಮಕೂರು–ಶಿವಮೊಗ್ಗ ನಾಲ್ಕು ಪಥದ ರಸ್ತೆ ನೋಡಿ. ಆ ಕೆಲಸ ಕೈಗೆತ್ತಿಕೊಂಡದ್ದು ನಂಬರ್ ಬದಲಾಗಿ ಎಷ್ಟೋ ವರ್ಷವಾದ ಮೇಲೆ. ಆದರೂ ಅದರ ಕಾಗದಗಳಲ್ಲಿ ಇರುವುದು 206ರ ಹೆಸರೇ. ಬೆಟ್ಟದಹಳ್ಳಿಯಿಂದ ಶಿವಮೊಗ್ಗದ ಭಾಗವನ್ನು 'ಎನ್‌ಎಚ್ 206ರ ಕಿ.ಮೀ. 170.415ರಿಂದ 226.750' ಅಂತಲೇ ಬರೆದಿದ್ದಾರೆ. ಹಾಗಾಗಿ 2010ರ ಮೇಲಿನ ಕಾಗದ ಸಿಕ್ಕರೆ ನಂಬರನ್ನು ನಂಬಬೇಡಿ. ಅದರ ಜೊತೆಗೆ ಬರೆದಿರುವ ಊರುಗಳ ಹೆಸರು ಓದಿ. ಎರಡು ಊರು ಸಿಕ್ಕರೆ ರಸ್ತೆ ಸಿಕ್ಕಿದ ಹಾಗೆ. ಇಸವಿಯೂ ಇಲ್ಲ, ಊರೂ ಇಲ್ಲ, ಬರೀ ನಂಬರ್ ಇದೆ ಅಂದರೆ ಅದು ಇನಿಷಿಯಲ್ ಇಲ್ಲದ ಮಂಜುನಾಥನನ್ನು ಶಿವಮೊಗ್ಗದಲ್ಲಿ ಹುಡುಕಿದ ಹಾಗೆ.

ಹೊಸ ನಂಬರಿನ ಲೆಕ್ಕ

ಇದನ್ನು ಒಂದು ಸಲ ತಿಳಿದುಕೊಂಡರೆ ಅರ್ಧ ಕೆಲಸ ಮುಗಿಯಿತು, ಕಷ್ಟವೇನೂ ಅಲ್ಲ.

ಉತ್ತರ–ದಕ್ಷಿಣ ಓಡುವ ದೊಡ್ಡ ಹೆದ್ದಾರಿಗೆ ಸಮಸಂಖ್ಯೆ. ಪೂರ್ವ–ಪಶ್ಚಿಮ ಓಡುವುದಕ್ಕೆ ಬೆಸಸಂಖ್ಯೆ. ಸಮಸಂಖ್ಯೆಗಳು ಪೂರ್ವದಿಂದ ಪಶ್ಚಿಮಕ್ಕೆ ಬಂದ ಹಾಗೆ ಏರುತ್ತವೆ. 2 ಇರುವುದು ಈಶಾನ್ಯದ ಕಡೆ, ನಡುವೆ ಶ್ರೀನಗರದಿಂದ ಕನ್ಯಾಕುಮಾರಿಗೆ ಬರುವ 44, ನಮ್ಮ ಕರಾವಳಿಗೆ ಬರುವ ಹೊತ್ತಿಗೆ 66. ಬೆಸಸಂಖ್ಯೆಗಳು ಉತ್ತರದಿಂದ ದಕ್ಷಿಣಕ್ಕೆ ಇಳಿದ ಹಾಗೆ ಏರುತ್ತವೆ. 1 ಕಾಶ್ಮೀರ, ಲಡಾಖ್ ಕಡೆ. ನಮ್ಮ ಕಡೆ ಬರುವಾಗ 69, 73, 75. ಅಂದರೆ ನಂಬರ್ ನೋಡಿದರೆ ರಸ್ತೆ ಯಾವ ದಿಕ್ಕಿಗೆ ಹೋಗುತ್ತದೆ, ದೇಶದಲ್ಲಿ ಸುಮಾರು ಎಲ್ಲಿದೆ ಎರಡೂ ತಿಳಿಯುತ್ತದೆ. ಹೊನ್ನಾವರದಲ್ಲಿ ನಿಂತರೆ ಇದು ಕಣ್ಣಿಗೇ ಕಾಣುತ್ತದೆ. ಕಡಲಿನ ಪಕ್ಕದಲ್ಲೇ ಓಡುವುದು 66, ಕಡಲಿಗೆ ಬೆನ್ನು ಹಾಕಿ ಘಟ್ಟ ಹತ್ತುವುದು 69.

ಮೂರು ಅಂಕಿಯ ನಂಬರ್ ಬಂದರೆ ಅದು ಕವಲು. ಮೊದಲ ಅಂಕಿ ತೆಗೆದುಹಾಕಿ, ಉಳಿದ ಎರಡು ಅಂಕಿಯೇ ಅದರ ತಾಯಿ ರಸ್ತೆ. 169 ಅಂದರೆ 69ರ ಕವಲು. 369 ಕೂಡ ಅದೇ ಮನೆಯದು. 173 ಅಂದರೆ 73ರ ಕವಲು. 766 ಅಂದರೆ 66ರ ಕವಲು. ಇವುಗಳಿಗೆ ದಿಕ್ಕಿನ ಲೆಕ್ಕ ಹಚ್ಚಬೇಡಿ, ಹಚ್ಚಿದರೆ ತಪ್ಪುತ್ತದೆ. ಇನ್ನು ಕೊನೆಯಲ್ಲಿ ಎ, ಬಿ, ಸಿ ಅಂತ ಅಕ್ಷರ ಬಂದರೆ ಅದು ಕವಲಿನ ಟಿಸಿಲು.

ಇಲ್ಲಿ ಒಂದು ಮಾತು ಹೇಳಲೇಬೇಕು. ಟಿಸಿಲು ಅಂದ ಮಾತ್ರಕ್ಕೆ ಅದು ಕವಲಿಗೆ ಅಂಟಿಕೊಂಡೇ ಇರಬೇಕು ಅಂತೇನಿಲ್ಲ. ಶರಾವತಿ ಹಿನ್ನೀರಿನ ಮೇಲೆ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಬಂತಲ್ಲ, 2025ರ ಜುಲೈ 14ರಂದು ಉದ್ಘಾಟನೆ ಆದದ್ದು, ಅದು ಇರುವುದು 369ಇ ಮೇಲೆ. 369 ಇರುವುದು ಎಲ್ಲಿ? ಶಿವಮೊಗ್ಗದಿಂದ ಚಿತ್ರದುರ್ಗಕ್ಕೆ, ಪೂರ್ವಕ್ಕೆ. ಆ ಸೇತುವೆ ದಾಟಿ ಹೋಗುವ ದೇವಿಯ ಕ್ಷೇತ್ರ ಸಿಗಂದೂರು ಇರುವುದು ಸಾಗರದ ಆಚೆ, ಪಶ್ಚಿಮಕ್ಕೆ. ಒಂದು ತುದಿಗೂ ಇನ್ನೊಂದು ತುದಿಗೂ ನೆಲದ ಮೇಲೆ ನಂಟೇ ಇಲ್ಲ. 369ಇ ಅಂತ ಓದಿ ಹೊಳಲ್ಕೆರೆ ಕಡೆ ಗಾಡಿ ತಿರುಗಿಸಿದರೆ ದೇವಿಯ ದರ್ಶನ ಅವತ್ತು ಆಗುವುದಿಲ್ಲ.

ನಮ್ಮ ಕಡೆ ಯಾವುದು ಯಾವುದಾಯಿತು

ಎಲ್ಲಕ್ಕಿಂತ ಜಾಸ್ತಿ ಗೊಂದಲ ಇರುವುದು 206ರಲ್ಲೇ, ಯಾಕೆಂದರೆ ಅದು ಹಾಗೇ ಬೇರೆ ಹೆಸರು ಇಟ್ಟುಕೊಳ್ಳಲಿಲ್ಲ, ನಡುವೆ ತುಂಡಾಯಿತು. ಹಳೇ 206 ತುಮಕೂರಿನಲ್ಲಿ ಶುರುವಾಗಿ ಗುಬ್ಬಿ, ತಿಪಟೂರು, ಅರಸೀಕೆರೆ, ಬಾಣಾವರ, ಕಡೂರು, ಬೀರೂರು, ತರೀಕೆರೆ, ಭದ್ರಾವತಿ, ಶಿವಮೊಗ್ಗ, ಸಾಗರ, ತಾಳಗುಪ್ಪ, ಮಾವಿನಗುಂಡಿ, ಗೇರುಸೊಪ್ಪ ಮೇಲೆ ಹೊನ್ನಾವರ ಮುಟ್ಟುತ್ತಿತ್ತು. ಈಗ ತುಂಡಾಗಿರುವುದು ಬಾಣಾವರದಲ್ಲಿ. ತುಮಕೂರಿನಿಂದ ಬಾಣಾವರದ ತನಕ 73. ಆ 73 ಬಾಣಾವರ ಬಿಟ್ಟ ಮೇಲೆ ನಮ್ಮ ಕಡೆ ಬರುವುದೇ ಇಲ್ಲ. ಜಾವಗಲ್, ಹಳೇಬೀಡು, ಬೇಲೂರು, ಮೂಡಿಗೆರೆ ಅಂತ ಹೋಗಿ ಚಾರ್ಮಾಡಿ ಇಳಿದು ಮಂಗಳೂರು ಸೇರುತ್ತದೆ. ಬಾಣಾವರದಿಂದ ಹೊನ್ನಾವರದ ತನಕದ್ದು 69. ಆ 69ಕ್ಕೂ ಬಾಣಾವರ ಕೊನೆಯಲ್ಲ. ಅಲ್ಲಿಂದ ಹುಳಿಯಾರು, ಶಿರಾ, ಮಧುಗಿರಿ, ಗೌರಿಬಿದನೂರು, ಚಿಕ್ಕಬಳ್ಳಾಪುರ, ಚಿಂತಾಮಣಿ ದಾಟಿ ಆಂಧ್ರದ ಚಿತ್ತೂರಿಗೆ ಹೋಗುತ್ತದೆ.

ಅಂದರೆ ಬೆಂಗಳೂರಿನಿಂದ ಶಿವಮೊಗ್ಗಕ್ಕೆ ಬರುವವರು ಈಗ ಮೂರು ನಂಬರ್ ದಾಟುತ್ತಾರೆ. ತುಮಕೂರಿನ ತನಕ 48, ಬಾಣಾವರದ ತನಕ 73, ಆಮೇಲೆ 69. ನೀವು ಸ್ಟೇರಿಂಗ್ ತಿರುಗಿಸದೆ ನೆಟ್ಟಗೆ ಬರುತ್ತಿದ್ದರೂ ಬೋರ್ಡಿನ ನಂಬರ್ ಬದಲಾಗುತ್ತದೆ. ದಾರಿ ತಪ್ಪಿತು ಅಂತ ಗಾಬರಿಯಾಗಿ ಅರಸೀಕೆರೆಗೆ ವಾಪಸ್ ತಿರುಗಿಸಿದ ನೆಂಟರು ನಮ್ಮಲ್ಲೇ ಇದ್ದಾರೆ.

ಹಳೇ 13ರ ಗತಿಯೂ ಇದೇ. ಅದು ಸೋಲಾಪುರದಿಂದ ಮಂಗಳೂರಿಗೆ ಬರುತ್ತಿತ್ತು. ಅದನ್ನು ನಾಲ್ಕು ತುಂಡು ಮಾಡಿದ್ದಾರೆ. ಸೋಲಾಪುರದಿಂದ ವಿಜಯಪುರ 52, ಅಲ್ಲಿಂದ ಹೊಸಪೇಟೆ ಮೇಲೆ ಚಿತ್ರದುರ್ಗ 50, ಚಿತ್ರದುರ್ಗದಿಂದ ಹೊಳಲ್ಕೆರೆ ಮೇಲೆ ಶಿವಮೊಗ್ಗ 369. ಶಿವಮೊಗ್ಗದಿಂದ ತೀರ್ಥಹಳ್ಳಿ, ಕೊಪ್ಪ, ಶೃಂಗೇರಿ, ಕೆರೆಕಟ್ಟೆ, ಬಜಗೋಳಿ, ಕಾರ್ಕಳ, ಮೂಡುಬಿದಿರೆ ದಾಟಿ ಮಂಗಳೂರಿಗೆ 169. ಆ ದಾರಿಯಲ್ಲಿ ಇವತ್ತಿಗೂ ಎಸ್.ಕೆ. ಬಾರ್ಡರ್ ಅಂತ ಒಂದು ಜಾಗ ಇದೆ. ಎಸ್.ಕೆ. ಅಂದರೆ ಸೌತ್ ಕೆನರಾ. ಆ ಹೆಸರಿನ ಜಿಲ್ಲೆ ಹೋಗಿ ಎಷ್ಟೋ ಕಾಲ ಆಯಿತು, ಬಸ್ಸಿನವರ ಬಾಯಲ್ಲಿ ಬಾರ್ಡರ್ ಮಾತ್ರ ಹಾಗೇ ಕೂತಿದೆ.

ತೀರ್ಥಹಳ್ಳಿಯಿಂದ ಆಗುಂಬೆ, ಹೆಬ್ರಿ ಮೇಲೆ ಉಡುಪಿ, ಮಲ್ಪೆಗೆ ಹೋಗುವುದು 169ಎ. ಇದಕ್ಕೆ ಹಳೇ ರಾಷ್ಟ್ರೀಯ ಹೆದ್ದಾರಿ ನಂಬರ್ ಹುಡುಕಬೇಡಿ, ಇರಲಿಲ್ಲ. ಆಗ ಅದು ರಾಷ್ಟ್ರೀಯ ಹೆದ್ದಾರಿಯೇ ಆಗಿರಲಿಲ್ಲ. ಬೈಂದೂರಿನಿಂದ ಕೊಲ್ಲೂರು, ನಾಗೋಡಿ, ಹೊಸನಗರ, ಶಿಕಾರಿಪುರ, ಮಾಸೂರು ಮೇಲೆ ರಾಣೆಬೆನ್ನೂರಿಗೆ ಹೋಗುವ 766ಸಿ ಕೂಡ ಆಮೇಲೆ ಬಡ್ತಿ ಸಿಕ್ಕಿದ ರಸ್ತೆ. ಇಂಥ ರಸ್ತೆಗಳ ಹಳೇ ಕಾಗದದಲ್ಲಿ 'ರಾ.ಹೆ.' ಅಂತ ಇದ್ದರೆ ಅದು ರಾಜ್ಯ ಹೆದ್ದಾರಿ. ಈ 'ರಾ.ಹೆ.' ಬಲು ತಂಟೆಯದು. ರಾಜ್ಯ ಹೆದ್ದಾರಿಗೂ ಅದೇ, ರಾಷ್ಟ್ರೀಯ ಹೆದ್ದಾರಿಗೂ ಅದೇ. ಶಿವಮೊಗ್ಗದಿಂದ ಶಿಕಾರಿಪುರ, ಹಾನಗಲ್ ಕಡೆ ಹೋಗುವುದು ರಾಜ್ಯ ಹೆದ್ದಾರಿ 57, ಅದನ್ನು ರಾ.ಹೆ. 57 ಅಂತ ಬರೆದರೆ ಯಾರಿಗೆ ಏನು ತಿಳಿಯಬೇಕು? ನೀವು ಬರೆಯುವಾಗ ಪೂರ್ತಿ ಬರೆಯಿರಿ, ಶಾಯಿ ಏನೂ ಖಾಲಿಯಾಗುವುದಿಲ್ಲ.

ಉಳಿದವು ಬೇಗ ಹೇಳಿಬಿಡುತ್ತೇನೆ. ಕರಾವಳಿಯ 17 ಈಗ 66. ಬೆಂಗಳೂರು–ಮಂಗಳೂರು 48 ಈಗ 75. ದಾವಣಗೆರೆ, ಹುಬ್ಬಳ್ಳಿ ಕಡೆಯ 4 ಈಗ 48.

ಒಂದೇ ನಂಬರ್, ಎರಡು ರಸ್ತೆ

ಮೇಲಿನ ಸಾಲು ಇನ್ನೊಮ್ಮೆ ಓದಿ. 48 ಎರಡು ಸಲ ಬಂದಿದೆ ಅಲ್ವಾ? ನಿಜವಾದ ಅಪಾಯ ಇರುವುದೇ ಇಲ್ಲಿ. ಹಳೇ ನಂಬರ್ ಸತ್ತು ಹೋಗಿದ್ದರೆ ಚಿಂತೆ ಇರಲಿಲ್ಲ. ಅದು ಸಾಯಲಿಲ್ಲ, ಬೇರೆ ಊರಿಗೆ ವರ್ಗವಾಯಿತು. ಹಳೇ 48 ಹಾಸನ, ಸಕಲೇಶಪುರದ ದಾರಿ. ಹೊಸ 48 ದೆಹಲಿಯಿಂದ ಮುಂಬೈ, ಬೆಂಗಳೂರು ಮೇಲೆ ಚೆನ್ನೈಗೆ ಹೋಗುವ ದಾರಿ, ನಮಗೆ ಸಿಗುವುದು ತುಮಕೂರು, ದಾವಣಗೆರೆಯಲ್ಲಿ. ನಮ್ಮ ಭಾವ ಒಬ್ಬರು ಲಾರಿ ಡ್ರೈವರಿಗೆ ಫೋನಿನಲ್ಲಿ "48 ಹಿಡಿದು ಬಾ" ಅಂದರು. ಅವರ ತಲೆಯಲ್ಲಿ ಇದ್ದದ್ದು ಹಾಸನ. ಹುಡುಗನ ಫೋನಿನಲ್ಲಿ ಇದ್ದದ್ದು ಹೊಸ 48. ಅಡಿಕೆ ಮೂಟೆ ಹತ್ತಿಸಲು ಜನ ಸಕಲೇಶಪುರದ ಹತ್ತಿರ ಕಾಯುತ್ತಿದ್ದರೆ ಖಾಲಿ ಲಾರಿ ಹಿರಿಯೂರು ಮುಟ್ಟಿತ್ತು. ಇಬ್ಬರದೂ ತಪ್ಪಿಲ್ಲ, ಅದೇ ತಮಾಷೆ.

ಹಾಗೇ ಹಳೇ 4ರ ನಂಬರ್ ಈಗ ಅಂಡಮಾನಿನಲ್ಲಿದೆ. ನಮ್ಮ 13 ಅರುಣಾಚಲಕ್ಕೆ ಹೋಗಿದೆ. ಕರಾವಳಿಯ 17 ಬಂಗಾಳ, ಅಸ್ಸಾಂ ಕಡೆಗೆ. 206 ಎಲ್ಲಿಗೆ ಹೋಯಿತು ಅಂತ ಮೊದಲೇ ಹೇಳಿದೆ. ಅದು ಆ ಭಾಗದ 6ರ ಕವಲು. ನಮಗೆ ಬಂದ 69 ಮೊದಲು ನಾಗಪುರದಿಂದ ಮಧ್ಯಪ್ರದೇಶದ ಕಡೆ ಹೋಗುವ ರಸ್ತೆಯದು. ಹಾಗಾಗಿ ಹಳೇ ಅಟ್ಲಾಸಿನಲ್ಲಿ 69 ಹುಡುಕಿದರೆ ಬೇತೂಲ್ ಸಿಗುತ್ತದೆ, ಭದ್ರಾವತಿ ಸಿಗುವುದಿಲ್ಲ.

ಫೋನಿನ ನಕ್ಷೆಯಲ್ಲಿ ಹಳೇ ನಂಬರ್ ಹಾಕಿ ಹುಡುಕಬೇಡಿ ಅಂತ ನಾನು ಹೇಳುವುದು ಇದಕ್ಕೇ. ಏನೂ ಸಿಗದೆ ಇದ್ದರೆ ವಾಸಿ, ಬೇರೆ ಏನೋ ಸಿಕ್ಕಿ ನಂಬಿಸಿಬಿಡುತ್ತದೆ.

ಕಲ್ಲು ಓದುವುದು

ನಂಬರ್ ಬದಲಾದಾಗ ಬರೀ ಬೋರ್ಡ್ ಬದಲಾಗುವುದಿಲ್ಲ, ಕಿಲೋಮೀಟರ್ ಎಣಿಕೆಯ ಬುಡವೂ ಬದಲಾಗುತ್ತದೆ. ಇದನ್ನು ಜಾಸ್ತಿ ಜನ ಗಮನಿಸುವುದಿಲ್ಲ.

ಹಳೇ 206ರ ಎಣಿಕೆ ತುಮಕೂರಿನಿಂದ. ಅದಕ್ಕೇ ಶಿವಮೊಗ್ಗದ ಹತ್ತಿರ ಬರುವಾಗ ಇನ್ನೂರ ಇಪ್ಪತ್ತರ ಮೇಲೆ ಆಗುತ್ತಿತ್ತು. ಹಳೇ 13ರ ಎಣಿಕೆ ಸೋಲಾಪುರದಿಂದ, ಚಿತ್ರದುರ್ಗಕ್ಕೆ ಬರುವ ಹೊತ್ತಿಗೇ ನಾನೂರು ದಾಟಿತ್ತು. ಹೊಸ ಗೆಜೆಟ್ಟಿನಲ್ಲಿ 69 ಶುರುವಾಗುವುದು ಹೊನ್ನಾವರದ ಹತ್ತಿರ 66ರಿಂದ, ಅಂದರೆ ತಲೆ ಇದ್ದ ಕಡೆ ಬಾಲ. ಹಳೇ ಅಪಘಾತದ ವರದಿ, ಮರ ಕಡಿದ ಪಂಚನಾಮೆ, ಸರ್ವೆ ಸ್ಕೆಚ್ಚು, ಇವುಗಳಲ್ಲಿ 'ಕಿ.ಮೀ. 210ರ ಹತ್ತಿರ' ಅಂತ ಇದ್ದರೆ ಈಗ ರಸ್ತೆಗೆ ಹೋಗಿ 210ರ ಕಲ್ಲು ಹುಡುಕುವುದು ದಂಡ. ಬೈಪಾಸ್ ಬಂದ ಕಡೆ ರಸ್ತೆಯ ಉದ್ದವೇ ಬೇರೆಯಾಗಿರುತ್ತದೆ, ಆಗ ಎಣಿಕೆ ಇನ್ನೂ ಸರಿಯುತ್ತದೆ. ಹತ್ತಿರದ ಸೇತುವೆ, ಕೆರೆ ಏರಿ, ರೈಲ್ವೆ ಗೇಟು, ಇಂಥದ್ದು ಏನಾದರೂ ಅದೇ ಕಾಗದದಲ್ಲಿ ಇದೆಯಾ ನೋಡಿ. ಅದು ಜರುಗುವುದಿಲ್ಲ.

ಕಲ್ಲಿನ ತಲೆಯ ಬಣ್ಣವೂ ಮಾತಾಡುತ್ತದೆ. ಹಳದಿ ತಲೆ ರಾಷ್ಟ್ರೀಯ ಹೆದ್ದಾರಿ, ಹಸಿರು ತಲೆ ರಾಜ್ಯ ಹೆದ್ದಾರಿ. ಎಣಿಕೆ ಯಾವ ಕಡೆಯಿಂದ ಅಂತ ತಿಳಿಯಬೇಕಾದರೆ ಎರಡು ಕಲ್ಲು ದಾಟಿ ನೋಡಿ. ಅಂಕಿ ಏರುತ್ತಿದ್ದರೆ ನೀವು ರಸ್ತೆಯ ಬುಡದಿಂದ ದೂರ ಹೋಗುತ್ತಿದ್ದೀರಿ.

ಗಾಡಿ ಕೆಟ್ಟು ನಿಂತರೆ ಈ ಕಲ್ಲೇ ನಿಮ್ಮ ವಿಳಾಸ. ರಾಷ್ಟ್ರೀಯ ಹೆದ್ದಾರಿಯ ಸಹಾಯವಾಣಿ 1033. ಫೋನ್ ಮಾಡಿದಾಗ ಹೆದ್ದಾರಿ ನಂಬರ್, ಕಲ್ಲಿನ ಅಂಕಿ, ಯಾವ ಊರಿಂದ ಯಾವ ಊರಿಗೆ ಹೋಗುತ್ತಿದ್ದೀರಿ, ಮೂರೂ ಹೇಳಿ. ನಂಬರ್ ಅನುಮಾನ ಇದ್ದರೆ ಅದನ್ನು ಬಿಟ್ಟು ಊರು ಹೇಳಿ. ಜೀವಕ್ಕೆ ಅಪಾಯ ಇದ್ದರೆ ಯಾವ ಲೆಕ್ಕವೂ ಬೇಡ, 112.

ಗೆಜೆಟ್ ಓದುವಾಗ

ಬ್ಯಾಂಕಿನವರು ಕೊನೆಗೆ ಒಪ್ಪಿದ್ದು ಗೆಜೆಟ್ ನೋಡಿ. ಹೆದ್ದಾರಿ ಅಧಿಸೂಚನೆಗಳು ಭಾರತ ಸರ್ಕಾರದ ಇ-ಗೆಜೆಟ್ ತಾಣದಲ್ಲಿ ಬಿಟ್ಟಿಯಾಗಿ ಸಿಗುತ್ತವೆ. ಅದರ ಭಾಷೆ ಒಂದೇ ಅಚ್ಚಿನದು. ಈ ಹೆದ್ದಾರಿ ಇಂಥ ಊರಿನ ಹತ್ತಿರ ಇಂಥ ಹೆದ್ದಾರಿಯಿಂದ ಶುರುವಾಗಿ, ಇಂಥಿಂಥ ಊರುಗಳನ್ನು ಸೇರಿಸಿ, ಇಂಥಲ್ಲಿ ಮುಗಿಯುತ್ತದೆ, ಅಷ್ಟೇ. ನಿಮಗೆ ಬೇಕಾದ್ದು ಆ ಊರುಗಳ ಸಾಲು.

ಹುಡುಕುವಾಗ ಒಂದು ಎಚ್ಚರ ಬೇಕು. ಶಿವಮೊಗ್ಗ, ತುಮಕೂರು, ಮಂಗಳೂರು, ಚಿಕ್ಕಮಗಳೂರು ಅಂತ ಇಂಗ್ಲಿಷಿನಲ್ಲೂ ಕನ್ನಡದ ಉಚ್ಚಾರಕ್ಕೆ ತಕ್ಕ ಹಾಗೆ ಬರೆಯುವುದು ಜಾರಿಗೆ ಬಂದದ್ದು 2014ರ ನವೆಂಬರ್ 1ಕ್ಕೆ. 2010ರ ಗೆಜೆಟ್ಟಿನಲ್ಲಿ ಇರುವುದು ಶಿಮೊಗ, ತುಮಕೂರ್, ಮ್ಯಾಂಗಲೋರ್. ಈಗಿನ ಸ್ಪೆಲ್ಲಿಂಗ್ ಹಾಕಿ ಹುಡುಕಿದರೆ ಸಿಗುವುದಿಲ್ಲ. ನಾನು ಒಂದು ಸಂಜೆ ಪೂರ್ತಿ ಹಾಳು ಮಾಡಿಕೊಂಡದ್ದು ಇದಕ್ಕೇ. ಸ್ಪೆಲ್ಲಿಂಗ್ ಬದಲಾಗದ ಸಣ್ಣ ಊರು ಹಾಕಿ, ಕಡೂರು, ಶಿರಾ, ಹೊನ್ನಾವರದ ಹಾಗೆ, ಬೇಗ ಸಿಗುತ್ತದೆ.

ಕ್ರಯಪತ್ರ ಮತ್ತು ನೋಟಿಸು

ಹಳೇ ಪತ್ರದಲ್ಲಿ ಹಳೇ ನಂಬರ್ ಇದೆ ಅಂತ ಹೆದರಬೇಡಿ. ಜಮೀನು ಗುರುತಾಗುವುದು ಸರ್ವೆ ನಂಬರ್, ಹಿಸ್ಸಾ ನಂಬರಿನಿಂದ. ಹೆದ್ದಾರಿ ನಂಬರ್ ಬರೀ ಎಲ್ಲೆಯ ವಿವರಣೆ. ಮುಂದಿನ ಸಲ ಪಾಲು ಪಟ್ಟಿಯೋ ದಾನಪತ್ರವೋ ಮಾಡುವಾಗ 'ಪಶ್ಚಿಮಕ್ಕೆ ಹಿಂದಿನ ರಾಷ್ಟ್ರೀಯ ಹೆದ್ದಾರಿ 206, ಈಗಿನ ರಾಷ್ಟ್ರೀಯ ಹೆದ್ದಾರಿ 69, ಭದ್ರಾವತಿ–ಶಿವಮೊಗ್ಗ ರಸ್ತೆ' ಅಂತ ಪೂರ್ತಿ ಬರೆಸಿ. ಪತ್ರ ಬರೆಯುವವರು ಹಳೆಯದನ್ನು ನೋಡಿ ಹಾಗೇ ಇಳಿಸುತ್ತಾರೆ, ಪಕ್ಕದಲ್ಲಿ ಕೂತು ಹೇಳಬೇಕು. ಬೈಪಾಸ್ ಆದ ಊರಿನಲ್ಲಿ ಇನ್ನೊಂದು ಸೂಕ್ಷ್ಮ ಇದೆ. ಪೇಟೆ ಒಳಗಿನ ಹಳೇ ರಸ್ತೆಯನ್ನು ಹೆದ್ದಾರಿಯಿಂದ ಬಿಟ್ಟುಕೊಡುವುದುಂಟು. ನಿಮ್ಮ ಅಂಗಡಿ ಮುಂದಿನ ರಸ್ತೆ ಈಗಲೂ ರಾಷ್ಟ್ರೀಯ ಹೆದ್ದಾರಿಯೋ ಅಲ್ಲವೋ ಅಂತ ಕಟ್ಟಡ ಕಟ್ಟುವ ಮೊದಲು ಕೇಳಿಕೊಳ್ಳಿ.

ನೋಟಿಸಿನ ವಿಷಯ ಮಾತ್ರ ಹಗುರವಾಗಿ ತೆಗೆದುಕೊಳ್ಳಬೇಡಿ. ರಾಷ್ಟ್ರೀಯ ಹೆದ್ದಾರಿ ಕಾಯ್ದೆ 1956ರ ಕಲಂ 3ಎ ಅಡಿ ಜಮೀನು ತೆಗೆದುಕೊಳ್ಳುವ ಉದ್ದೇಶ ಇದೆ ಅಂತ ಗೆಜೆಟ್ಟಿನಲ್ಲಿ ಪ್ರಕಟಿಸುತ್ತಾರೆ, ಅದರ ಸಾರಾಂಶ ಎರಡು ಪೇಪರಿನಲ್ಲಿ ಬರುತ್ತದೆ, ಒಂದು ಕನ್ನಡದ್ದು. ಆಕ್ಷೇಪಣೆ ಕೊಡಲು ಇರುವುದು ಪ್ರಕಟವಾದ ದಿನದಿಂದ 21 ದಿನ. ಪೇಪರಿನ ಆ ಸಣ್ಣ ಅಕ್ಷರದ ಪುಟದಲ್ಲಿ '206' ಅಂತ ತಲೆಬರಹ ನೋಡಿ, ನಮ್ಮದು 69 ಅಲ್ವಾ ಅಂತ ಪುಟ ಮಗುಚಿದವರಿದ್ದಾರೆ. ಎದುರೂ ಆಗಬಹುದು, ತಲೆಯಲ್ಲಿ 206 ಇಟ್ಟುಕೊಂಡವರು 69 ನೋಡಿ ಬಿಡಬಹುದು. ತಲೆಬರಹ ಓದಬೇಡಿ, ಕೆಳಗಿನ ಪಟ್ಟಿಯಲ್ಲಿ ಗ್ರಾಮದ ಹೆಸರು, ಸರ್ವೆ ನಂಬರ್ ಓದಿ. ನಮ್ಮ ಪಕ್ಕದವರು ಹೀಗೆ ಪುಟ ಮಗುಚಿ, ಹದಿನೆಂಟನೇ ದಿನ ಯಾರೋ ಹೇಳಿದ ಮೇಲೆ ಓಡಿದರು.

ಎಕ್ಸಿಟ್ ನಂಬರ್ ಇಲ್ಲದ ಕಡೆ ದಾರಿ ಹೇಳುವುದು

ಬಾಸ್ಟನ್ ಹತ್ತಿರ ಇರುವ ನನ್ನ ಚಿಕ್ಕಪ್ಪನ ಮಗಳು ಮನೆಗೆ ದಾರಿ ಹೇಳುವಾಗ "ಎಕ್ಸಿಟ್ 13ರಲ್ಲಿ ಇಳಿ" ಅನ್ನುತ್ತಿದ್ದಳು. ಆಮೇಲೆ ಒಂದು ದಿನ "ಈಗ ಅದು 117 ಕಣೋ" ಅಂದಳು. ಅಲ್ಲಿ ಮೊದಲು ಎಕ್ಸಿಟ್‌ಗಳನ್ನು, ಅಂದರೆ ಹೆದ್ದಾರಿಯಿಂದ ಇಳಿಯುವ ದಾರಿಗಳನ್ನು, ಒಂದು, ಎರಡು, ಮೂರು ಅಂತ ಸರದಿಯಲ್ಲಿ ಎಣಿಸುತ್ತಿದ್ದರು. ಮ್ಯಾಸಚೂಸೆಟ್ಸ್ ರಾಜ್ಯ 2020ರ ಕೊನೆಯಿಂದ ಅದನ್ನು ಬಿಟ್ಟು ಮೈಲಿ ಲೆಕ್ಕಕ್ಕೆ ಬದಲಾಯಿಸಿತು. 117 ಅಂದರೆ ಆ ರಸ್ತೆ ರಾಜ್ಯದ ಪಶ್ಚಿಮದ ಗಡಿಯಲ್ಲಿ ಶುರುವಾದಲ್ಲಿಂದ 117ನೇ ಮೈಲಿ. ಸರದಿ ಲೆಕ್ಕದಲ್ಲಿ ನಡುವೆ ಹೊಸ ಎಕ್ಸಿಟ್ ಬಂದರೆ 13ಎ, 13ಬಿ ಅಂತ ತುರುಕಬೇಕು. ಮೈಲಿ ಲೆಕ್ಕದಲ್ಲಿ ಆ ಕಾಟ ಇಲ್ಲ, ಇನ್ನೆಷ್ಟು ದೂರ ಅಂತಲೂ ತಿಳಿಯುತ್ತದೆ. ಅವರು ಮಾಡಿದ ಒಂದು ಕೆಲಸ ನನಗೆ ಹಿಡಿಸಿತು. ಹೊಸ ಬೋರ್ಡಿನ ಹತ್ತಿರ 'ಹಳೇ ಎಕ್ಸಿಟ್ 13' ಅಂತ ಒಂದು ಸಣ್ಣ ಹಳದಿ ಪಟ್ಟಿ ಕಟ್ಟಿ, ಜನಕ್ಕೆ ರೂಢಿಯಾಗುವ ತನಕ ಬಿಟ್ಟರು. ಬಾಣಾವರದಲ್ಲಿ ಇಂಥದ್ದೊಂದು ಪಟ್ಟಿ ಇದ್ದಿದ್ದರೆ ನಮ್ಮ ನೆಂಟರು ಅರಸೀಕೆರೆಗೆ ವಾಪಸ್ ಹೋಗುತ್ತಿರಲಿಲ್ಲ. ಅಮೆರಿಕದಲ್ಲಿ ಕೆಲಸ ಮಾಡುವ ನಮ್ಮ ಹುಡುಗರಿಗೆ ಇನ್ನೊಂದು ಮಾತು. ಅಲ್ಲಿ ಇಂಟರ್‌ಸ್ಟೇಟ್ ರಸ್ತೆಗಳಿಗೆ ಸಮಸಂಖ್ಯೆ ಅಂದರೆ ಪೂರ್ವ–ಪಶ್ಚಿಮ, ನಮ್ಮಲ್ಲಿ ಅದಕ್ಕೆ ಎದುರು. ಆ ಲೆಕ್ಕ ಇಲ್ಲಿಗೆ ತರಬೇಡಿ.

ನಮ್ಮ 69ರಲ್ಲಿ ಎಕ್ಸಿಟ್ ನಂಬರ್ ಅನ್ನುವುದೇ ಇಲ್ಲ. ನಾಲ್ಕು ಪಥ ಆದ ಮೇಲೆ ಊರುಗಳು ಬೈಪಾಸಿನ ಪಕ್ಕಕ್ಕೆ ಸರಿದಿವೆ, ಸ್ವಲ್ಪ ಕಣ್ಣು ತಪ್ಪಿದರೆ ಊರೇ ದಾಟಿಹೋಗುತ್ತದೆ. ಹಾಗಾಗಿ ದಾರಿ ಹೇಳುವಾಗ ಇಳಿಯುವ ಜಾಗಕ್ಕೆ ಒಂದು ಕಲ್ಲು ಹಿಂದಿನ ಗುರುತು ಹೇಳಿ, ಇಳಿಯುವ ಜಾಗದ್ದಲ್ಲ. "ಪೆಟ್ರೋಲ್ ಬಂಕ್ ಆದ ಮೇಲೆ ಎಡಕ್ಕೆ ಸರ್ವಿಸ್ ರೋಡಿಗೆ ಇಳಿದು, ಅಂಡರ್‌ಪಾಸ್ ಒಳಗೆ ಬಲಕ್ಕೆ" ಅನ್ನಿ. ಬಂಕ್ ಎದುರೇ ತಿರುವು ಅಂದರೆ ಬಂಕ್ ಕಾಣುವ ಹೊತ್ತಿಗೆ ತಿರುವು ಹೋಗಿರುತ್ತದೆ. ಘಟ್ಟದ ರಸ್ತೆಯಾದರೆ ನಂಬರ್ ಬೇಡವೇ ಬೇಡ, ಘಟ್ಟದ ಹೆಸರು ಸಾಕು. ಮಳೆಗಾಲದಲ್ಲಿ 169ಎ ಮೇಲೆ ದೊಡ್ಡ ಗಾಡಿ ನಿಲ್ಲಿಸಿದ್ದಾರೆ ಅಂತ ಪೇಪರಿನಲ್ಲಿ ಬಂದರೆ, ಹದಿನಾಲ್ಕು ತಿರುವಿನ ಆಗುಂಬೆ ಅಂತ ಹೇಳಿದರೇ ಲಾರಿಯವರಿಗೆ ತಲುಪುವುದು.

ಪೇಟೆ ಒಳಗಿನ ವಿಳಾಸಕ್ಕೆ ಬಿ.ಎಚ್. ರಸ್ತೆ ಅಂತಲೇ ಬರೆಯಿರಿ. ಬೆಂಗಳೂರು–ಹೊನ್ನಾವರ ರಸ್ತೆ. 206 ಅಂದರೂ, 69 ಅಂದರೂ, ತುಂಡು ಮಾಡಿ 73 ಅಂದರೂ ಆ ಹೆಸರು ಅಲುಗಾಡಿಲ್ಲ. ಆದರೆ ಊರು ಸೇರಿಸುವುದು ಮರೆಯಬೇಡಿ. ತುಮಕೂರಿನಲ್ಲೂ ಬಿ.ಎಚ್. ರಸ್ತೆ, ತಿಪಟೂರಿನಲ್ಲೂ, ಭದ್ರಾವತಿಯಲ್ಲೂ, ಶಿವಮೊಗ್ಗದಲ್ಲೂ, ಸಾಗರದಲ್ಲೂ ಅದೇ. ಬ್ಯಾಂಕಿಗೆ ಕೊಟ್ಟ ಅರ್ಜಿಯಲ್ಲಿ ನಾನು ಬರೀ ಬಿ.ಎಚ್. ರಸ್ತೆ ಅಂತ ಬರೆದುಬಿಟ್ಟಿದ್ದೆ, ಸಾಲ ಮಂಜೂರಾದ ಕಾಗದ ಹೋಗಿ ತಿಪಟೂರಿನಲ್ಲಿ ನಾಲ್ಕು ದಿನ ಕೂತಿತ್ತು.